ಮೂರು ಕಾಲಿನ ಓಟದ ಗಂಟು

ಮೂರು ಕಾಲಿನ ಓಟದಲ್ಲಿ ಪುಟ್ಟೇಗೌಡರೂ ಶಿವಣ್ಣನೂ ಧೊಪ್ಪೆಂದು ಬಿದ್ದಾಗ ಯಾರೂ ನಗಲಿಲ್ಲ. ಸಕಲೇಶಪುರದ ಆಸ್ಪತ್ರೆಗೆ ಮಂಚ ಕೊಡಿಸಲು ನಾವು ಕಾಫಿ ವ್ಯಾಪಾರಿಗಳು ತೊಂಬತ್ತರ ದಶಕದಲ್ಲಿ ನಡೆಸಿದ ಆಟೋಟವದು. ಪಾಲುದಾರಿಕೆ ಮುರಿದ ಮೇಲೆ ಮಾತೇ ಬಿಟ್ಟಿದ್ದ ಈ ಇಬ್ಬರನ್ನೂ ಹೆಸರು ಬರೆದು ಎತ್ತಿದ ಚೀಟಿ ಜೋಡಿ ಮಾಡಿತ್ತು.

"ಏಟಾಯ್ತೇನಣ್ಣಾ?" ಎಂದ ಶಿವಣ್ಣ.

ಜೋಡಿಸಿ ಕಟ್ಟಿದ್ದ ಕಾಲು ಬಿಚ್ಚಲು ಹೋದರೆ ಗಂಟು ಸಡಿಲವಾಗಲಿಲ್ಲ. ಕೈ ಅಭ್ಯಾಸಕ್ಕೆ ನಾನು ಕಾಫಿ ಮೂಟೆಯ ಬಾಯಿಗೆ ಬಿಗಿಯುವ ಗಂಟನ್ನೇ ಹಾಕಿದ್ದೆ. ಅದನ್ನು ಕೊಯ್ಯಬೇಕೇ ಹೊರತು ಬಿಚ್ಚಲಾಗದು. ಎಲ್ಲರೂ ಚಾಕು ಹುಡುಕುತ್ತಿರುವಾಗಲೇ ಊಟ ಬಡಿಸಿದರು. ಇಬ್ಬರೂ ಕುಂಟುತ್ತಾ ಹೋಗಿ ಒಂದೇ ಬೆಂಚಿನಲ್ಲಿ ಕೂತರು. ಗೌಡರು ಕಡುಬಿನ ತಟ್ಟೆ ಸರಿಸಿ, "ಇನ್ನೊಂದು ಹಾಕ್ಕೊಳ್ಳೋ, ಸೊರಗಿ ಹೋಗ್ಬುಟ್ಟಿದ್ದೀಯ" ಎಂದರು.

ಅವರ ವ್ಯಾಪಾರ ಮತ್ತೆ ಒಂದಾಗಲಿಲ್ಲ, ಮಾತು ನಿಲ್ಲಲೂ ಇಲ್ಲ. ಎಲ್ಲರೂ ಹುಡುಕಿದ ಚಾಕು ಅಷ್ಟು ಹೊತ್ತೂ ನನ್ನ ಜೇಬಿನಲ್ಲೇ ಇತ್ತು.