ಏಳು ಪಾಯಿಂಟ್ ಒಂದು

ಮೊನ್ನೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಗೋಬಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಮನಸ್ಸು ಆಂಡರ್ಸನ್‌ಪೇಟೆಯ ಒಂದು ಜಗಲಿಗೆ ಹೋಗಿ ಕೂತುಬಿಟ್ಟಿತು. ನಮ್ಮ ಟ್ಯೂಷನ್ ಮೇಷ್ಟ್ರ ಮನೆಯ ಜಗಲಿ ಅದು.

ಮೇಷ್ಟ್ರ ಮನೆಮಾತು ತಮಿಳು, ಮೊದಲು ಚಿನ್ನದ ಗಣಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು. ಗಣಿ ಮುಚ್ಚಿದ ಮೇಲೆ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು. ನಾನು ಬೂದಿಕೋಟೆ ಕಡೆಯವಳು. ಡೇರಿಗೆ ಹಾಲು ಹಾಕಿ, ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಸೇರುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಅದಕ್ಕೆ ಅವರು ಬೈದವರಲ್ಲ. ಆದರೆ ಸ್ಟೆಪ್ ಹಾಕದೆ ಉತ್ತರ ಬರೆದರೆ ಮುಗಿಯಿತು. ಉತ್ತರ ಸರಿಯಿದ್ದರೂ ಪುಟದ ತುಂಬ ಅಡ್ಡಗೆರೆ ಎಳೆದುಬಿಡುತ್ತಿದ್ದರು.

ಹುಳಿ ಏರಿದಷ್ಟೂ ಇಳಿಯುವ ಪಿಎಚ್‌ನ ಲೆಕ್ಕ ನನ್ನ ತಲೆಗೇ ಹತ್ತುತ್ತಿರಲಿಲ್ಲ. ದುರ್ಬಲ ಆಮ್ಲ, ಅದರ ಲವಣ, ಲಾಗ್... ಬಫರ್ ದ್ರಾವಣದಲ್ಲಿ ಲವಣವನ್ನು ಆಮ್ಲದಿಂದ ಭಾಗಿಸಬೇಕು. ನಾನು ಪ್ರತಿ ಸಲವೂ ತಲೆಕೆಳಗು ಮಾಡಿ ಆಮ್ಲವನ್ನೇ ಮೇಲೆ ಕೂರಿಸುತ್ತಿದ್ದೆ. ಒಂದು ದಿನ ಮೇಷ್ಟ್ರು ಎದ್ದು ಒಳಗೆ ಹೋಗಿ ವಿನೆಗರ್ ಬಾಟಲಿ, ಅಡುಗೆ ಸೋಡಾ ತಂದು, ಸ್ಟೀಲ್ ಲೋಟದಲ್ಲಿ ಎರಡನ್ನೂ ಬೆರೆಸಿದರು. ಬುಸ್ ಎಂದು ನೊರೆ ಉಕ್ಕಿತು.

"ಎನ್ನಮ್ಮಾ, ಸೋಡಾ ಹಾಕಿದ್ರೆ ಹುಳಿ ಜಾಸ್ತಿ ಆಗ್ತದಾ? ನಿನ್ನ ಲೆಕ್ಕ ಹಂಗೇ ಹೇಳ್ತದೆ ನೋಡು."

ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. "ಅದಕ್ಕೆ ನನ್ ಕಾಪಿ ಲೋಟಾನೇ ಬೇಕಿತ್ತಾ?" ಎಂದು ಅವರು ಒಳಗಿಂದ ಗೊಣಗಿದರು. ಎಲ್ಲರೂ ನಕ್ಕರು, ನನ್ನ ಮುಖ ಮಾತ್ರ ಪೆಚ್ಚಾಯಿತು. ಆಮೇಲೆ ಆ ಭಾಗಾಕಾರದಲ್ಲಿ ನಾನು ಎಂದೂ ತಪ್ಪಿಲ್ಲ. ಪಾಸಾದೆ, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿದೆ, ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೂ ಸೇರಿದೆ. ಮೇಷ್ಟ್ರನ್ನು ನೋಡಲು ಹೋಗಬೇಕು, ಹೋಗಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು... ಹೋಗಲಿಲ್ಲ. ಸೋಮಾರಿತನ, ಇನ್ನೇನಲ್ಲ.

ಕೊನೆಗೆ ಅವರೇ ನಮ್ಮ ಆಸ್ಪತ್ರೆಗೆ ಬಂದರು, ಸ್ಟ್ರೆಚರ್ ಮೇಲೆ. ಎದೆ ಗೊರಗೊರ ಎನ್ನುತ್ತಿತ್ತು. ಅವರ ರಕ್ತವನ್ನು ಮೆಷಿನ್ನಿಗೆ ಹಾಕಿದವಳು ನಾನು. ರಕ್ತವೂ ಒಂದು ಬಫರ್, ಬೈಕಾರ್ಬನೇಟು ಅದರ ಲವಣ, ಕಾರ್ಬನ್ ಡೈಆಕ್ಸೈಡು ಅದರ ಆಮ್ಲ, ಅದರ ಪಿಎಚ್ ಏಳು ಪಾಯಿಂಟ್ ನಾಲ್ಕರ ಆಸುಪಾಸಿನಲ್ಲೇ ಇರಬೇಕು ಎಂದು ನನಗೆ ಕಲಿಸಿದವರು ಅವರೇ. ಚೀಟಿಯಲ್ಲಿ ಏಳು ಪಾಯಿಂಟ್ ಒಂದು ಎಂದು ಬಂತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಕಷ್ಟ ಎಂದರು.

ಮೇಷ್ಟ್ರು ಮಾಸ್ಕ್ ಸರಿಸಿ, "ಪಿಎಚ್ ಎಷ್ಟಮ್ಮ?" ಎಂದರು. ಅಮ್ಮ ಮಂಚದ ಪಕ್ಕದಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಏಳು ಪಾಯಿಂಟ್ ನಾಲ್ಕು ಸಾರ್. ಸರಿಯಾಗೇ ಇದೆ."

ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಒಂಚೂರು ಗಂಜಿ ಮಾಡಿಕೊಂಡು ಬರುತ್ತೇನೆ ಎಂದು ಮನೆಗೆ ಹೊರಟರು. ಅವರು ಬಾಗಿಲು ದಾಟುವುದನ್ನೇ ಕಾಯುತ್ತಿದ್ದ ಮೇಷ್ಟ್ರು ಕೇಳಿದರು.

"ಬೈಕಾರ್ಬನೇಟು?"

"ಇಪ್ಪತ್ನಾಲ್ಕು ಸಾರ್."

"ಕಾರ್ಬನ್ ಡೈಆಕ್ಸೈಡು?"

ಅಷ್ಟರಲ್ಲಿ ನನ್ನ ಸುಳ್ಳಿನ ಧೈರ್ಯ ಮುಗಿದಿತ್ತು. "ಎಂಬತ್ತು" ಎಂದೆ.

ಕಣ್ಣು ಮುಚ್ಚಿ, ಉಸಿರು ಸಿಕ್ಕಷ್ಟು ಸಿಕ್ಕಷ್ಟೇ ಲೆಕ್ಕ ಹಾಕಿದರು. "ಎಂಬತ್ತು ಇಂಟು ಪಾಯಿಂಟ್ ಸೊನ್ನೆ ಮೂರು... ಎರಡು ಪಾಯಿಂಟ್ ನಾಲ್ಕು. ಇಪ್ಪತ್ನಾಲ್ಕನ್ನ ಅದ್ರಿಂದ ಭಾಗ್ಸು... ಹತ್ತು. ಹತ್ತರ ಲಾಗ್ ಒಂದು. ಆರು ಪಾಯಿಂಟ್ ಒಂದಕ್ಕೆ ಸೇರ್ಸು." ಕಣ್ಣು ಬಿಟ್ಟು ನನ್ನನ್ನು ನೋಡಿ, "ಸ್ಟೆಪ್ ಹಾಕ್ದೆ ಉತ್ತರ ಹೇಳ್ಬಿಟ್ಟೆ ನೀನು" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು. "ಇರ್ಲಿ. ಅವಳಿಗೆ ನಾಲ್ಕೇ ಅಂತ ಇರ್ಲಿ. ತಿದ್ದಬೇಡ."

ಗಂಜಿ ಬರುವ ಮೊದಲೇ ಅವರು ಹೋಗಿಬಿಟ್ಟರು.

ಅವರಿದ್ದಾಗ ಆ ಕಡೆ ತಲೆ ಹಾಕದವಳು ಈಗ ತಿಂಗಳಿಗೊಮ್ಮೆ ಅಮ್ಮನನ್ನು ನೋಡಿ ಬರುತ್ತೇನೆ. ಜಗಲಿಯಲ್ಲಿ ಈಗ ಪಕ್ಕದ ಮನೆಯವರ ಬೈಕು ನಿಲ್ಲುತ್ತದೆ. ಹೋದ ಭಾನುವಾರವೂ ಅಮ್ಮ ಅದನ್ನೇ ಕೇಳಿದರು, ಕೇಳುತ್ತಲೇ ಇರುತ್ತಾರೆ.

"ನೀನು ನೋಡ್ದಾಗ ರಕ್ತ ಸರ್ಯಾಗೇ ಇತ್ತಲ್ವೇನಮ್ಮ? ಅದಕ್ಕೇ ನಾನು ಮನೆಗೋದೆ. ಇಂಗಾಗ್ತದೆ ಅಂತ ಗೊತ್ತಿದ್ದಿದ್ರೆ ಅವರನ್ನ ಬಿಟ್ಟು ಓಗ್ತಿದ್ನಾ..."

ನಾನು ತಲೆ ಎತ್ತಲಿಲ್ಲ. "ಹೂಂ ಅಮ್ಮ, ಸರಿಯಾಗೇ ಇತ್ತು" ಎಂದೆ.