ಶೇಂಗಾ ಕುಟ್ಟುತ್ತ ಕಲಿತ ಮಾತು

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ನನಗೆ ಇಪ್ಪತ್ತೊಂದು. ಮನೆ ಬೀದರಿನಲ್ಲೇ; ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ನಾನು ಕಲಿತದ್ದು ಉರ್ದು, ಕಲಿಸುತ್ತಿದ್ದದ್ದೂ ಉರ್ದು. ಕನ್ನಡವೇನಿದ್ದರೂ ಮನೆಯ ಒಲೆಯ ಮುಂದೆ. ರಾಜ್ಯ ಬದಲಾದ ಮೇಲೆ ಹುಕುಂ ಬಂತು: ಕನ್ನಡದಲ್ಲಿ ಪಾಠ ಮಾಡಬಲ್ಲೆನೆಂದು ಸಾಹೇಬರ ಮುಂದೆ ಮಾತಾಡಿ ತೋರಿಸಬೇಕು, ಇಲ್ಲವಾದರೆ ನೌಕರಿ ಇಲ್ಲ. ಅಪ್ಪ ತೀರಿಕೊಂಡಿದ್ದರು. ಅವ್ವನದು, ನನ್ನದು, ಇಬ್ಬರ ರೊಟ್ಟಿಯೂ ಆ ನೌಕರಿಯ ಮೇಲೆ ನಿಂತಿತ್ತು.

ನಾನೇನು ಕಮ್ಮಿ ಎಂದು ತಯಾರಿಗೆ ಕೂತೆ. ಮನೆಯಲ್ಲಿದ್ದ ಕನ್ನಡ ಪುಸ್ತಕ ಒಂದೇ ಒಂದು; ಬಯಲಾಟದ ಹುಚ್ಚಿದ್ದ ಅಪ್ಪ ಇಟ್ಟುಕೊಂಡಿದ್ದ ಹಳೆಯ ಪೌರಾಣಿಕ ನಾಟಕ. ಅದನ್ನೇ ಉರು ಹೊಡೆದೆ. ಬೀದರಿನ ಕಚೇರಿಯಲ್ಲಿ ಮೈಸೂರು ಕಡೆಯ ಸಾಹೇಬರು, "ಶಾಲೆ ಹೇಗೆ ನಡೀತಿದೆಯಮ್ಮಾ?" ಎಂದು ಕೇಳಿದರು. ನಾನು ಎದ್ದುನಿಂತು ಕೈಮುಗಿದು, "ಪ್ರಭುಗಳೇ, ಬಾಲಿಕೆಯರೆಲ್ಲರೂ ವಿದ್ಯಾರ್ಜನೆಯಲ್ಲಿ ನಿರತರಾಗಿ ಸುಖದಿಂದಿರುವರು" ಎಂದೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಗುಮಾಸ್ತನೂ ನಕ್ಕ. "ದೀಪಾವಳಿ ಆದಮೇಲೆ ಇನ್ನೊಂದು ಸಲ ಬನ್ನಿ. ಅದೇ ಕೊನೆ" ಎಂದರು. ಅಂದಿನಿಂದ ನಾಲ್ಕು ಮಂದಿ ಕೂಡಿದಲ್ಲಿ ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ.

ಆ ದೀಪಾವಳಿ ರಜೆಯಲ್ಲಿ ಮುಂಬಯಿಯ ಸಿನಿಮಾದವರು ಬೀದರ ಕೋಟೆಗೆ ಬಂದು ಇಳಿದರು. ಸುಲ್ತಾನರ ಕಾಲದ ಕಥೆ. ಅದರಲ್ಲಿ ಬರುವ ಹಬಶಿ ಸರದಾರನ ಹೆಂಡತಿಯ ಪಾತ್ರಕ್ಕೆ ಆಫ್ರಿಕಾದ ನಟಿಯನ್ನೇ ಕರೆತಂದಿದ್ದರು. ಪಶ್ಚಿಮ ಆಫ್ರಿಕಾದ ಘಾನಾದವರು, ಮುಂಬಯಿಗೆ ಓದಲು ಬಂದವರು. ಅವರ ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಅವರಿಗೆ ಉರ್ದು ಮಾತು ಹೇಳಿಕೊಡಲು ಒಬ್ಬ ಹೆಣ್ಣುಮಗಳು ಬೇಕಾಗಿತ್ತು. ಹರಕುಮುರಕು ಇಂಗ್ಲಿಷ್ ಬರುತ್ತದೆಂದು ಓಣಿಯವರು ನನ್ನನ್ನು ಕಳಿಸಿದರು. ಮಂದಿ ಕೋಟೆಯ ಬಾಗಿಲಲ್ಲಿ ನಿಂತು ಅವರ ಬಣ್ಣ, ಕೂದಲು ನೋಡಿ ಹೋಗುತ್ತಿದ್ದರು. ಮೊದಲ ದಿನ ನಾನೂ ಹಾಗೇ ನೋಡಿದೆ, ಸುಳ್ಳೇಕೆ ಹೇಳಲಿ.

ಅವರ ಕಥೆ ನನಗೆ ಸಿಕ್ಕಿದ್ದು ಶೂಟಿಂಗಿನ ನಡುನಡುವೆ, ಬೇವಿನ ನೆರಳಲ್ಲಿ. ಅವರ ತಾಯಿ ಕಡಲದಂಡೆಯ ಊರಿನ ಪೇಟೆಯಲ್ಲಿ ಅರಿವೆ ಮಾರುವವಳು. ಅಲ್ಲಿಯ ನಾಟಕದ ಮೇಳಗಳಲ್ಲಿ ಹೆಣ್ಣಿನ ಪಾತ್ರ ಗಂಡಸರೇ ಹಾಕುತ್ತಿದ್ದರಂತೆ. ನಮ್ಮ ಬಯಲಾಟದಲ್ಲೂ ಅದೇ ಎಂದಾಗ ನಕ್ಕು ನನ್ನ ಬೆನ್ನಿಗೊಂದು ಗುದ್ದಿದರು. ಹದಿನೇಳನೇ ವಯಸ್ಸಿಗೆ ಇವರೇ ಹೋಗಿ ಪಾತ್ರ ಕೇಳಿದರು. ಪಾತ್ರ ಸಿಕ್ಕಿತು, ತಾಯಿ ಎರಡು ವರ್ಷ ಮಾತು ಬಿಟ್ಟಳು. ಆಮೇಲೆ ಇಂಗ್ಲಿಷರು ಊರೂರಿಗೆ ತೋರಿಸಲೆಂದು ತೆಗೆದ ಒಂದು ಸಿನಿಮಾ, ನೀರು ಕಾಯಿಸಿ ಕುಡಿಯಿರಿ ಎಂದು ಹೇಳುವಂಥದ್ದು. ಇವರದು ಕೂಸನ್ನು ಕಳೆದುಕೊಳ್ಳುವ ತಾಯಿಯ ಪಾತ್ರ. ಲಂಡನ್ನಿನವರ ಹಾಗೆ ಮಾತಾಡು ಎಂದರು, ಇವರು ಹಾಗೇ ಮಾತಾಡಿದರು. ಸ್ವಂತ ಊರಲ್ಲಿ ಸಿನಿಮಾ ತೋರಿಸಿದಾಗ ಕೂಸು ಸಾಯುವ ಹೊತ್ತಿಗೆ ಪೇಟೆಗೆ ಪೇಟೆಯೇ ನಕ್ಕಿತು. ಮುಂದಿನ ಸಿನಿಮಾಕ್ಕೆ ಕರೆದಾಗ "ನನ್ನೂರಿನ ಹಾಗೆ ಮಾತಾಡುತ್ತೇನೆ" ಎಂದರು. ಹಾಗಾದರೆ ಬೇಡ ಎಂದು ಕಳಿಸಿಬಿಟ್ಟರು. ಒಂದು ವರ್ಷ ತಾಯಿಯ ಅಂಗಡಿಯಲ್ಲಿ ಅರಿವೆ ಅಳೆದರು. ಕೊನೆಗೆ ಅದೇ ಮಂದಿ ಬಂದು ಕರೆದರು, ಆ ಸಲ ಪೇಟೆಯ ಹೆಂಗಸರು ಅತ್ತರು. ನಾನು ನನ್ನ "ಪ್ರಭುಗಳೇ" ಪ್ರಸಂಗ ಹೇಳಿದೆ. ಅದನ್ನು ಕೇಳಿ ನಗದೇ ಇದ್ದವರು ಅವರೊಬ್ಬರೇ.

ಆದರೆ ಉರ್ದು ಮಾತು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಡೈರೆಕ್ಟರ್ ಮುಖ ಗಂಟಿಕ್ಕಿದ ದಿನ ನಾನು ಅವರನ್ನು ಮನೆಗೆ ಊಟಕ್ಕೆ ಕರೆದೊಯ್ದೆ. ಅವ್ವ ಗಾಂಧಿ ಗಂಜಿನ ಪೇಟೆಯಿಂದ ತಂದ ಶೇಂಗಾ ಹುರಿದು, ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಹಿಂಡಿ ಮಾಡಲು ಒಳ್ಳಿನಲ್ಲಿ ಕುಟ್ಟುತ್ತಿದ್ದಳು. ಆ ವಾಸನೆಗೆ ಅವರು ಬಾಗಿಲಲ್ಲೇ ನಿಂತರು. ಆಮೇಲೆ ಸೀದಾ ಹೋಗಿ ಒನಕೆಗೆ ಕೈ ಹಾಕಿದರು.

"ಬ್ಯಾಡವ್ವ! ಮನಿಗಿ ಬಂದವ್ರಿಗಿ ಕೆಲಸ ಹಚ್ಚಿದ್ರ ಓಣ್ಯಾಗ ನಾ ಮಾರಿ ಹ್ಯಾಂಗ ತೋರಸ್ಲಿ?" ಎಂದು ಅವ್ವ ಹೌಹಾರಿದಳು.

ಅವರು ಬಿಡಲಿಲ್ಲ. ಅವರ ಊರಲ್ಲೂ ದಿನಾ ಕುಟ್ಟುವುದೇ. ಪಾತ್ರದ ಮಾತನ್ನೆಲ್ಲ ಅವರು ಕಲಿತದ್ದು ಕುಟ್ಟುತ್ತಲೇ ಅಂತೆ. ನಾನು ಒಂದೊಂದೇ ಸಾಲು ಓದಿದೆ, ಅವರು ಏಟಿಗೊಂದು ಮಾತು ತಿರುಗಿ ಹೇಳಿದರು. ಏಟಿನ ನಡುವೆ ಅವ್ವ ಕೈಹಾಕಿ ಹಿಂಡಿ ತಿರುವುತ್ತ, "ಈಕಿ ಕೈ ನೋಡು, ನಿನಗಿಂತ ಛಲೋ ಅದ" ಎಂದು ನನ್ನನ್ನು ಚುಚ್ಚಿದಳು. ಹಿಂಡಿ ನುಣ್ಣಗಾಗುವಷ್ಟರಲ್ಲಿ ಸಾಲುಗಳೆಲ್ಲ ಬಾಯಿಪಾಠವಾಗಿದ್ದವು.

ಆಮೇಲೆ ಒನಕೆ ನನ್ನ ಕೈಗೆ ಕೊಟ್ಟರು. "ಈಗ ನೀನು. ನಿನ್ನ ಸಾಹೇಬರಿಗೆ ಹೇಳುವ ಮಾತು" ಎಂದರು. ನಾನು "ಬಾಲಿಕೆಯರೆಲ್ಲರೂ" ಎಂದು ಶುರು ಮಾಡಿದರೆ ಎರಡನೇ ಏಟಿಗೇ ಉಸಿರು ಕಟ್ಟಿತು. "ಯಾರ ಮಾತ ಇವು, ಮಗಳಾ?" ಎಂದಳು ಅವ್ವ. ಒನಕೆ ಎತ್ತಿದವಳಿಗೆ ಅಂಥ ಮಾತಿಗೆ ಪುರುಸೊತ್ತಿಲ್ಲ. ನಾಲ್ಕೇಟು ಬೀಳುವಷ್ಟರಲ್ಲಿ ನನ್ನ ಮಾತೇ ಬಂತು. ಕನ್ನಡದ ಒಂದಕ್ಷರ ತಿಳಿಯದ ಅವರು ಚಪ್ಪಾಳೆ ತಟ್ಟಿದರು. "ಇದು ಸರಿ. ಈಗ ನಿನ್ನ ತಾಯಿ ತಲೆದೂಗುತ್ತಿದ್ದಾರೆ, ನೋಡು" ಎಂದರು. ಅವರು ಬೀದರಿನಲ್ಲಿದ್ದಷ್ಟು ದಿನ ಮಧ್ಯಾಹ್ನ ಮಧ್ಯಾಹ್ನ ನಾವು ಏನಾದರೊಂದು ಕುಟ್ಟಿದೆವು. ನೆರೆಮನೆಗಳಿಗೂ ಹಂಚಿ ಮಿಗುವಷ್ಟು ಹಿಂಡಿಯಾಯಿತು.

ಎರಡನೇ ಸಲ ಅದೇ ಸಾಹೇಬರು, ಅದೇ ಗುಮಾಸ್ತ. ಪಾಠ ಹೇಗೆ ಮಾಡುತ್ತೀರಿ ಎಂದು ಕೇಳಿದರು.

"ಮೊದ್ಲ ಒಂದ ಕತಿ ಹೇಳ್ತೇನಿರಿ. ಕತಿ ಇದ್ರ ಪೋರಿಗೋಳು ಕೂಡ್ತಾವ್ರಿ, ಇಲ್ಲಂದ್ರ ಖಿಡಕ್ಯಾಗಿಂದ ಹೊರಗ ನೋಡ್ತಾವ್ರಿ" ಎಂದೆ.

ಗುಮಾಸ್ತ ಕಿಸಕ್ಕೆಂದ. ಸಾಹೇಬರು ನಗಲಿಲ್ಲ. "ಮಕ್ಕಳ ಹತ್ರಾನೂ ಹೀಗೇ ಮಾತಾಡ್ತೀರಾ?" ಎಂದರು.

"ಹೌದ್ರಿ. ಅವುರ ಅವ್ವಂದೇರು ಹಿಂಗೇ ಮಾತಾಡ್ತಾರ್ರಿ. ಸಾಲ್ಯಾಗ ಬ್ಯಾರೆ ಮಾತಾಡಿದ್ರ ಅವೂ ನನ್ನಂಗ ಬಾಯಿ ಮುಚಗೊಂಡ ಕೂಡ್ತಾವ್ರಿ."

ಸಾಹೇಬರು ಪೆನ್ನು ಕೈಗೆತ್ತಿಕೊಂಡರು. "ಪುಸ್ತಕ ಓದುವಾಗ ಪುಸ್ತಕದ ಹಾಗೆ ಓದಿಸಿ. ಮಿಕ್ಕದ್ದು ಹೀಗೇ ಇರಲಿ" ಎಂದು ಸಹಿ ಹಾಕಿದರು. ಮುಂದೆ ಔರಾದಿಗೆ ವರ್ಗವಾಯಿತು. ಅಲ್ಲೇ ರಿಟೈರ್ ಆಗುವವರೆಗೆ ಕಲಿಸಿದೆ. ಅವ್ವ ಕೊನೆಯವರೆಗೂ ನನ್ನ ರೊಟ್ಟಿ ಉಂಡಳು. ಇದೆಲ್ಲ ಆ ನಟಿ ನನಗೆ ಮಾಡಿದ ಉಪಕಾರ.

ಪಾಸಾದ ದಿನ ಸಂಜೆ, ಅವರಿಗೇ ಮೊದಲು ತಿಳಿಸಬೇಕೆಂದು ಕಾಗದ ತೆಗೆದುಕೊಂಡು ಕೂತೆ. ಸಿನಿಮಾದವರು ಊರು ಬಿಟ್ಟು ವಾರವಾಗಿತ್ತು. ಅವರ ಬದುಕನ್ನೆಲ್ಲ ಕೂತು ಕೇಳಿದ್ದ ನಾನು ವಿಳಾಸ ಮಾತ್ರ ಕೇಳಿರಲಿಲ್ಲ.