ಕೀರ್ತಿಶೇಷರ ಸಾಲಿನಲ್ಲಿ ಯೇಸುಸ್ವಾಮಿ

ಮೈಕ್ ಕೈಕೊಡಬಹುದಿತ್ತು. ಅದಕ್ಕಿಂತ ಮೊದಲೇ ನನ್ನ ಗಂಟಲು ಕೈಕೊಡಬಹುದಿತ್ತು. ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಿ, ಅರ್ಧ ಮಾತನ್ನು ಮಾತ್ರ ಕತ್ತರಿಸಿ ವಾಟ್ಸಾಪ್ ಗ್ರೂಪಿಗೆ ಹಾಕಬಹುದಿತ್ತು. ಅದು ಊರೆಲ್ಲ ಸುತ್ತಿ ನಮ್ಮ ಮನೆ ಮಾಲೀಕರ ಫೋನಿಗೆ ಬಂದು, ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ಅವರು ಹೇಳಬಹುದಿತ್ತು. ‘ಮತಾಂತರ ಮಾಡೋಕೆ ಬಂದಿದ್ದಾನೆ’ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಬಹುದಿತ್ತು. ಮಾರನೆಯ ದಿನ ಆಫೀಸಿನಲ್ಲಿ ನನ್ನನ್ನು ಕಂಡವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಬಹುದಿತ್ತು. ಅಥವಾ ನನಗೇ ಬಿ.ಪಿ. ಏರಿ, ಊಟಕ್ಕೆಂದು ಬಂದ ಜನ ಉಪವಾಸದಲ್ಲಿ ನನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಗಬಹುದಿತ್ತು.

ಇಷ್ಟನ್ನೂ ನಾನು ಯೋಚಿಸಿದ್ದು ಬಾಯಿ ತೆರೆಯುವ ಮುಂಚಿನ ಹತ್ತು ಸೆಕೆಂಡಿನಲ್ಲಿ. ಬೇರೆ ಕೆಲಸಗಳಲ್ಲಿ ನಾನು ನಿಧಾನ. ಚಿಂತೆ ಮಾಡುವುದರಲ್ಲಿ ನನ್ನ ಕೈ ಬಹಳ ಚುರುಕು.

ಕೊರೊನಾ ಮುಗಿದು ಸಭೆ ಸಮಾರಂಭಗಳು ಮತ್ತೆ ಶುರುವಾದ ಮೇಲಿನ ಎರಡನೆಯ ಡಿಸೆಂಬರ್ ಅದು. ನನ್ನದು ವಿಮಾ ಕಂಪನಿಯ ನೌಕರಿ. ಗದಗ-ಬೆಟಗೇರಿಯ ನಾನು ವರ್ಗವಾಗಿ ಸೂರತ್‌ಗೆ ಬಂದೆ, ಅಲ್ಲಿಂದ ವಡೋದರಾಕ್ಕೆ. ಮುತ್ತಜ್ಜನ ಕಾಲದಿಂದ ನಮ್ಮದು ಕ್ರೈಸ್ತ ಮನೆತನ. ಮನೆಯಲ್ಲಿ ಮಾತು, ಹಾಡು, ಪ್ರಾರ್ಥನೆ, ಜಗಳ ಎಲ್ಲವೂ ಕನ್ನಡದಲ್ಲೇ. ಹಾಗಾಗಿ ಇಲ್ಲಿನ ಕನ್ನಡ ಸಂಘಕ್ಕೆ ಮೊದಲ ವಾರವೇ ಸದಸ್ಯನಾಗಿದ್ದೆ.

ಸಂಘದಲ್ಲಿ ವರ್ಷಕ್ಕೊಮ್ಮೆ ‘ಸ್ಮರಣಾಂಜಲಿ’ ಎಂಬ ಕಾರ್ಯಕ್ರಮ ನಡೆಯುತ್ತದೆ. ನಾಡಿನ ಮಹನೀಯರ ಫೋಟೋಗಳನ್ನು ಸಾಲಾಗಿ ಇಟ್ಟು, ಹಾರ ಹಾಕಿ, ಒಂದು ನಿಮಿಷ ಮೌನ ಆಚರಿಸಿ, ನಾಲ್ಕು ಹಾಡು ಹಾಡಿ ಊಟ ಮಾಡುತ್ತೇವೆ. ಆ ವರ್ಷ ತೀರಿಕೊಂಡ ಸದಸ್ಯರ ಫೋಟೋಗಳೂ ಸಾಲಿನ ಕೊನೆಯಲ್ಲಿರುತ್ತವೆ. ಕಾರ್ಯಕ್ರಮಕ್ಕೆ ಹದಿನೈದು ದಿನ ಇರುವಾಗ ಸಂಘದ ಅಧ್ಯಕ್ಷ ಪಾಟೀಲರು ಫೋನ್ ಮಾಡಿದರು. ವಿಜಯಪುರದವರು, ರೈಲ್ವೆಯಲ್ಲಿ ನಿವೃತ್ತರಾದವರು, ಬಹಳ ದೊಡ್ಡ ಮನಸ್ಸಿನವರು.

“ಜಯರಾಜ, ಈ ಸಲ ಸ್ಮರಣಾಂಜಲಿ ನಿಮ್ಮ ಹಬ್ಬದ ಹತ್ರನ ಬಂದೈತಿ ನೋಡ್ರಿ. ನಿಮ್ಮ ಯೇಸುಸ್ವಾಮೀದೂ ಒಂದು ಫೋಟೋ ಇರ್ಲಿ ಅಂತ ಕಮಿಟಿಯವರೆಲ್ಲ ಅಂದ್ರು. ಒಂದು ಚಲೋ ಫೋಟೋ ತರ್ರಿ.”

ಇಷ್ಟು ವರ್ಷಗಳಲ್ಲಿ ನಮ್ಮ ಹಬ್ಬವನ್ನು ಯಾರೋ ತಾವಾಗಿ ನೆನೆದದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು. “ತರ್ತೀನ್ರಿ, ತರ್ತೀನ್ರಿ” ಎಂದು ಎರಡು ಸಲ ಹೇಳಿದೆ.

ಹೆಂಡತಿ ವಿಮಲಾ ಕೇಳಿದ್ದು ಒಂದೇ ಮಾತು. “ಎಲ್ಲಿ ಇಡ್ತಾರಂತ ಕೇಳಿದ್ರೇನು?”

“ಅದನ್ನೇನು ಕೇಳೂದು?”

“ಹಾಲಿನವ ಐದು ನಿಮಿಷ ತಡಾ ಮಾಡಿದ್ರ ಆಕ್ಸಿಡೆಂಟ್ ಆತೇನೋ ಅಂತ ಗೇಟಿಗೆ ಓಡ್ತೀರಿ. ಕೇಳಬೇಕಾದ್ದು ಮಾತ್ರ ಕೇಳಂಗಿಲ್ಲ.”

ನಮ್ಮ ಮನೆಯಲ್ಲಿ ಯೇಸುಸ್ವಾಮಿಯ ಚಿತ್ರ ಇರಲಿಲ್ಲ. ಬೈಬಲ್ ವಚನಗಳಿರುವ ಕ್ಯಾಲೆಂಡರ್ ಮತ್ತು ಮರದ ಶಿಲುಬೆ ಅಷ್ಟೇ ನಮ್ಮ ಪದ್ಧತಿ. ಇಲ್ಲಿನ ಹಳೇ ಪೇಟೆ ಮಾಂಡ್ವಿಯ ಫ್ರೇಮ್ ಅಂಗಡಿಯಲ್ಲಿ ಒಂದು ಚಿತ್ರ ಕೊಂಡು ಹಿಂದಿನ ದಿನವೇ ಪಾಟೀಲರ ಮನೆಗೆ ಮುಟ್ಟಿಸಿದೆ. ದಾರಿಯಲ್ಲಿ ಗಾಜು ಒಡೆಯುತ್ತದೆಂದು ಎರಡು ಟವೆಲ್ ಸುತ್ತಿದ್ದೆ.

ಭಾನುವಾರ ಚರ್ಚ್ ಮುಗಿಸಿಕೊಂಡು ನಾನು, ವಿಮಲಾ, ಮಗಳು ಪ್ರೀತಿ ಹಾಲ್ ತಲುಪುವಷ್ಟರಲ್ಲಿ ಜನ ಕುಳಿತಾಗಿತ್ತು. ವೇದಿಕೆಯ ಮುಂದೆ ಬಿಳಿ ಬಟ್ಟೆ ಹಾಸಿದ ಉದ್ದ ಮೇಜು. ಅದರ ಮೇಲೆ ಕವಿಗಳು, ದಾಸರು, ವಚನಕಾರರು, ಸ್ವಾತಂತ್ರ್ಯ ಹೋರಾಟಗಾರರು. ಎಲ್ಲರ ಕೊರಳಿಗೂ ಚೆಂಡು ಹೂವಿನ ಹಾರ. ಕೊನೆಯಿಂದ ಎರಡನೆಯ ಫೋಟೋ ನನ್ನದು, ಅಂದರೆ ನಾನು ತಂದದ್ದು. ಅದರ ಪಕ್ಕ, ಸಾಲಿನ ತುದಿಯಲ್ಲಿ, ಆಗಸ್ಟಿನಲ್ಲಿ ತೀರಿಕೊಂಡ ನಮ್ಮ ಸಂಘದ ಹಳೆಯ ಕಾರ್ಯದರ್ಶಿಗಳು.

ಪ್ರತಿ ಫೋಟೋದ ಕೆಳಗೂ ಕಂಪ್ಯೂಟರಿನಲ್ಲಿ ಮುದ್ರಿಸಿದ ಹೆಸರಿನ ಚೀಟಿ ಅಂಟಿಸಿದ್ದರು. ನಾನು ಕನ್ನಡಕ ಸರಿಮಾಡಿಕೊಂಡು ಓದಿದೆ.

‘ಕೀರ್ತಿಶೇಷ ಶ್ರೀ ಯೇಸುಕ್ರಿಸ್ತ.’

ಇನ್ನೊಮ್ಮೆ ಓದಿದೆ. ಕೀರ್ತಿಶೇಷ ಎಂದರೆ ತೀರಿಹೋದವರು, ಹೆಸರಷ್ಟೇ ಉಳಿದವರು. ವಿಮಲಾಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಮೇಜಿನ ಕಡೆಯೇ ನೋಡುತ್ತಿದ್ದಳು.

ನಿರೂಪಕಿ ಶೈಲಜಾ ಮೈಸೂರಿನ ಹುಡುಗಿ, ಮುದ್ದಾದ ಕನ್ನಡ. “ಈಗ ಈ ಎಲ್ಲ ಮಹನೀಯರ ಆತ್ಮಕ್ಕೆ ಚಿರಶಾಂತಿ ಕೋರಿ ಒಂದು ನಿಮಿಷ ಮೌನ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು” ಎಂದಳು.

ನೂರೈವತ್ತು ಕುರ್ಚಿಗಳು ಕಿರುಗುಟ್ಟಿ ಎಲ್ಲರೂ ಎದ್ದರು. ನಾನೂ ಎದ್ದೆ. ಏಳುವುದು ನನಗೆ ರೂಢಿ. ಇಪ್ಪತ್ತೈದು ವರ್ಷಗಳಿಂದ ಆಫೀಸಿನಲ್ಲಿ ಯಾರಾದರೂ “ಎಲ್ಲಾ ಒಂದೇ ಅಲ್ವಾ?” ಎಂದಾಗ ತಲೆಯಾಡಿಸಿ ಬಂದವನು ನಾನು. “ಯೇಸು ಒಬ್ಬ ಒಳ್ಳೆಯ ಸಮಾಜ ಸುಧಾರಕ” ಎಂದರೂ ತಲೆಯಾಡಿಸಿದ್ದೆ. ಜಗಳ ಯಾಕೆ ಎಂದು. ಅದನ್ನು ನಾನು ಸೌಜನ್ಯ ಎಂದುಕೊಂಡಿದ್ದೆ.

ಆದರೆ ಅವತ್ತು ತಲೆ ಬಗ್ಗಲಿಲ್ಲ. ಬೆಟಗೇರಿಯ ಸ್ಮಶಾನದಲ್ಲಿ ಅಪ್ಪನನ್ನು ಮಣ್ಣಿಗಿಟ್ಟ ದಿನ ನೆನಪಾಯಿತು. ಅಂದು ಅಷ್ಟು ಜನರ ಮುಂದೆ ನಾನು ಕುಸಿಯದೆ ನಿಂತದ್ದು ಒಂದೇ ನಂಬಿಕೆಯ ಮೇಲೆ: ಯೇಸುವಿನ ಸಮಾಧಿ ಖಾಲಿ, ಆತ ಎದ್ದಿದ್ದಾನೆ, ಆದ್ದರಿಂದ ಅಪ್ಪನೂ ಏಳುತ್ತಾನೆ. ಈಗ ಆತನ ಆತ್ಮಕ್ಕೆ ನಾನು ಶಾಂತಿ ಕೋರಿ ನಿಂತರೆ, ಅಂದು ಆಡಿದ ಪ್ರಾರ್ಥನೆ ಬರೀ ಬಾಯಿಮಾತು ಎಂದಾಗುತ್ತದೆ. ಅಪ್ಪ ಅಲ್ಲೇ ಮಣ್ಣಾಗಿ ಹೋದ ಎಂದಾಗುತ್ತದೆ.

ಆಗಲೇ ಆ ಹತ್ತು ಸೆಕೆಂಡಿನ ಚಿಂತೆಗಳೆಲ್ಲ ಬಂದುಹೋದವು. ಅವು ಮುಗಿದ ಮೇಲೆ ನನ್ನ ಕೈ ಮೇಲೆದ್ದಿರುವುದು ಕಂಡಿತು.

“ಒಂದ್ನಿಮಿಷ ತಡೀರಿ” ಎಂದೆ. ಮೌನದ ಮಧ್ಯೆ ಅದು ಸೀಟಿ ಊದಿದಂತೆ ಕೇಳಿಸಿತು.

“ಏನಾತ್ರೀ ಜಯರಾಜ? ಆರಾಮ ಅದೀರಿಲ್ಲೋ?” ಪಾಟೀಲರು ಗಾಬರಿಯಾದರು.

ನಾನು ಮೈಕಿನ ಹತ್ತಿರ ಹೋದೆ. ಶೈಲಜಾ ಹೆದರಿ ಅದನ್ನು ನನ್ನ ಕೈಗೇ ಕೊಟ್ಟುಬಿಟ್ಟಳು.

“ತಪ್ಪು ತಿಳೀಬ್ಯಾಡ್ರಿ. ಈ ಸಾಲಿನಾಗಿರೋ ಎಲ್ಲಾ ದೊಡ್ಡೋರಿಗೂ ನಾ ಎದ್ದು ನಿಂತು ಕೈ ಮುಗೀತೀನಿ. ಆದ್ರ ಈ ಒಬ್ಬರ ಆತ್ಮಕ್ಕ ಶಾಂತಿ ಬೇಡಾಕ ನನಗ ಆಗಂಗಿಲ್ಲ. ಇವರು ಸತ್ತಿದ್ದು ಖರೆ. ಮೂರನೇ ದಿನಕ್ಕ ಎದ್ದು ಬಂದದ್ದೂ ಅಷ್ಟೇ ಖರೆ. ನಾ ಶಾಂತಿ ಬೇಡೂದು ಇವರ ಹತ್ರ. ಇವರಿಗೋಸ್ಕರ ನಾ ಇನ್ಯಾರ ಹತ್ರ ಹೋಗಿ ಬೇಡ್ಲಿ? ಇವರ ಮ್ಯಾಲೆ ಯಾರೂ ಇಲ್ಲ.”

ಮೂರನೆಯ ಸಾಲಿನಿಂದ ರಂಗಸ್ವಾಮಿಯ ಧ್ವನಿ ಬಂತು. ತುಮಕೂರಿನವನು, ನನ್ನದೇ ಆಫೀಸು, ದಿನಾ ನನ್ನ ಜೊತೆ ಡಬ್ಬಿ ಬಿಚ್ಚುವವನು.

“ಏನ್ ಜಯರಾಜ್, ಎಲ್ಲರ ದೇವ್ರೂ ಒಂದೇ ಅಲ್ವಾ? ನಿಮ್ಮೋರೊಬ್ರೇ ಸ್ಪೆಷಲ್ಲಾ?”

ಕೆಲವರು ನಕ್ಕರು. ಹಿಂದೆ ಸರಿಯುವ ದಾರಿಯನ್ನು ನಾನೇ ಮುಚ್ಚಿಯಾಗಿತ್ತು.

“ಹೌದು ರಂಗಸ್ವಾಮಿ. ನನಗ ಹೌದು. ಉಳಿದೋರು ದೇವರ ಕಡೆ ಕೈ ತೋರಿಸಿದ ದೊಡ್ಡ ಮನುಷ್ಯರು. ಇವರು ಮನುಷ್ಯರಾಗಿ ಬಂದ ದೇವರು. ಹಂಗಂತ ನೀ ಒಪ್ಪಬೇಕಂತ ನಾ ಹೇಳಾಕತ್ತಿಲ್ಲ. ನಾ ಒಪ್ಪೀನಿ ಅಂತ ಹೇಳಾಕತ್ತೀನಿ.”

“ಮತ್ತೆ ಲಂಚ್ ಟೈಮಲ್ಲಿ ‘ಎಲ್ಲಾ ಒಂದೇ, ಎಲ್ಲಾ ಒಂದೇ’ ಅಂತ ತಲೆ ಅಲ್ಲಾಡಿಸ್ತಿದ್ಯಲ್ಲೋ!”

“ಅಂಜಿ ಅಲ್ಲಾಡಿಸ್ತಿದ್ದೆ” ಎಂದೆ.

ಈ ಸಲ ಹೆಚ್ಚುಕಮ್ಮಿ ಇಡೀ ಹಾಲ್ ನಕ್ಕಿತು. ನಗದೇ ಇದ್ದವರೂ ಇದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು ಮುಖ ಗಂಟಿಕ್ಕಿಕೊಂಡೇ ಕುಳಿತರು. ಅವರಿಗೆ ಬೇಸರವಾಗಿತ್ತು, ಅದನ್ನು ನಾನು ಇಲ್ಲ ಎನ್ನಲಾರೆ. ಆದರೂ ಆಡಿದ ಮಾತಿಗೆ ಕ್ಷಮೆ ಕೇಳಲಿಲ್ಲ. ಏನೂ ಆಗದಿದ್ದಾಗಲೂ ಸಾರಿ ಎನ್ನುವ ನಾನು, ಅಂದು ಕೇಳಲಿಲ್ಲ.

ಪಾಟೀಲರು ಮೇಜಿನ ಹತ್ತಿರ ಬಂದು ಬಗ್ಗಿ ಚೀಟಿ ಓದಿದರು. “ಅಯ್ಯ! ಕೀರ್ತಿಶೇಷ ಅಂತ ಹಾಕ್ಯಾರ! ಎಲ್ಲಾದಕ್ಕೂ ಒಂದೇ ಸಮ ಹೊಡದ್ರು ಕಾಣ್ತೈತಿ. ನಾವು ಗೌರವ ಕೊಡೂನು ಅಂತ ಮಾಡಿದ್ವಿ ಮಾರಾಯ್ರ.”

“ಗೊತ್ತೈತ್ರೀ ಸರ್. ಆ ಪ್ರೀತಿ ನೋಡೇ ಫೋಟೋ ತಂದೆ. ಎಲ್ಲಿ ಇಡ್ತೀರಿ ಅಂತ ನಾನೂ ಕೇಳಬೇಕಿತ್ತು, ಕೇಳಲಿಲ್ಲ.”

ಅವರು ಚೀಟಿಯನ್ನು ಉಗುರಿನಿಂದ ಕಿತ್ತರು. ಆಮೇಲೆ ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು, “ಹಂಗಾದ್ರ ಇವರನ್ನ ಎಲ್ಲಿಡೂನ್ರೀ?”

ಎಷ್ಟು ಯೋಚಿಸಿದರೂ ಆ ಹಾಲಿನಲ್ಲಿ ತಕ್ಕ ಜಾಗ ಹೊಳೆಯಲಿಲ್ಲ. ಹಾರ ತೆಗೆದು ಪಕ್ಕಕ್ಕಿಟ್ಟು, ಫೋಟೋ ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲಿಟ್ಟುಕೊಂಡೆ. ಶೈಲಜಾ ಮತ್ತೊಮ್ಮೆ ಮೌನಕ್ಕೆ ಕರೆದಳು. ಫೋಟೋವನ್ನು ಪ್ರೀತಿಯ ಕೈಗೆ ಕೊಟ್ಟು ನಾನು ಎದ್ದು ನಿಂತೆ. ಉಳಿದ ಎಲ್ಲರಿಗಾಗಿ, ವಿಶೇಷವಾಗಿ ನನಗೆ ಮನೆ ಹುಡುಕಿಕೊಟ್ಟ ಆ ಕಾರ್ಯದರ್ಶಿಗಳಿಗಾಗಿ, ಪೂರ್ತಿ ಒಂದು ನಿಮಿಷ ತಲೆ ಬಗ್ಗಿಸಿದೆ.

ಕುಳಿತ ಮೇಲೆ ಪ್ರೀತಿ ಕಿವಿಯಲ್ಲಿ ಹೇಳಿದಳು, “ಪಪ್ಪಾ, ನಿಮ್ಮ ಹ್ಯಾಂಡ್ಸ್ ಎಷ್ಟು ಶೇಕ್ ಆಗ್ತಿತ್ತು! ಬಟ್ ವಾಯ್ಸ್ ಠೀಕ್ ಇತ್ತು.” ಇಲ್ಲೇ ಬೆಳೆದವಳು, ಅವಳ ಕನ್ನಡ ಹಾಗೆಯೇ. ಆ ವರ್ಷ ನನಗೆ ಸಿಕ್ಕ ಏಕೈಕ ಪ್ರಶಸ್ತಿ ಅದು.

ಊಟದ ಸಾಲಿನಲ್ಲಿ ನನ್ನ ಹಿಂದೆ ಯಾರೂ ನಿಲ್ಲುವುದಿಲ್ಲ ಎಂದುಕೊಂಡಿದ್ದೆ. ರಂಗಸ್ವಾಮಿ ಬಂದು ನಿಂತ. “ಸಾಂಬಾರಿಗೆ ಮತ್ತೆ ಬೆಲ್ಲ ಸುರಿದಿದ್ದಾನೆ ಕಣೋ ಅಡುಗೆಯವನು. ಇದರ ಮೇಲೂ ಒಂದು ಭಾಷಣ ಮಾಡು, ನಾನೇ ಚಪ್ಪಾಳೆ ಹೊಡೀತೀನಿ” ಎಂದ. ನಾನು ಹೇಳಿದ್ದನ್ನು ಅವನು ಒಪ್ಪಿರಲಿಲ್ಲ, ಇಂದಿಗೂ ಒಪ್ಪಿಲ್ಲ. ಈಗಲೂ ಒಟ್ಟಿಗೇ ಡಬ್ಬಿ ಬಿಚ್ಚುತ್ತೇವೆ. ಆದರೆ ಆ ಮಾತು ಬಂದಾಗ ನಾನು ತಲೆಯಾಡಿಸುವುದಿಲ್ಲ, ಅವನು ನಿರೀಕ್ಷಿಸುವುದೂ ಇಲ್ಲ.

ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದಾಗ ಹಣೆ ತುಂಬ ಕುಂಕುಮ ಇಟ್ಟಿದ್ದ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದರು. ಸೂರತ್‌ನ ಕತಾರ್‌ಗಾಮ್‌ನಲ್ಲಿರುವ ಮಗಳ ಮನೆಗೆ ಬಂದವರಂತೆ, ಮಗಳೊಂದಿಗೆ ಯಾರದೋ ಗಾಡಿಯಲ್ಲಿ ಕಾರ್ಯಕ್ರಮ ನೋಡಲು ಬಂದಿದ್ದರು.

“ತಮ್ಮಾ, ನೀ ಅಂದದ್ದು ನನಗ ಪೂರಾ ತಿಳೀಲಿಲ್ಲ. ಆ ಸ್ವಾಮಿ ಜೀವಂತ ಅದಾನ ಅಂದ್ಯಲ್ಲ, ಖರೇನ?”

“ಖರೇ ರೀ ಅವ್ವಾರ.”

“ನೀ ಹೇಳಿದ್ರ ಕೇಳ್ತಾನ?”

ಇಷ್ಟು ನೇರವಾಗಿ ನನ್ನನ್ನು ಚರ್ಚಿನಲ್ಲೂ ಯಾರೂ ಕೇಳಿರಲಿಲ್ಲ. “ಕೇಳ್ತಾನ” ಎಂದೆ.

“ಹಂಗಾದ್ರ ಒಂದು ಮಾತು ಹೇಳಪಾ. ನನ್ನ ತಂಗೀಗೆ ನಾಳೆ ಸೋಮವಾರ ಮುಂಜಾನೆ ಕಲಬುರಗ್ಯಾಗ ಎದಿ ಆಪರೇಷನ್ ಐತಿ. ನನ್ನ ದೇವರಿಗೆ ನಾ ಹೇಳೀನಿ. ನೀ ಅಷ್ಟು ಮಂದಿ ಮುಂದ ಎದ್ದು ನಿಂತೆಲ್ಲ, ನಿನ್ನ ಮಾತು ಆತ ಕೇಳ್ಬಹುದು.”

“ಹೇಳ್ತೀನ್ರೀ ಅವ್ವಾ. ಇವತ್ತ ಹೇಳ್ತೀನಿ.” ಅಷ್ಟರಲ್ಲಿ ಅವರ ಮಗಳು ಗಾಡಿ ಹೊರಟಿತೆಂದು ಕರೆದಳು. ಅವರು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಹೊರಟುಹೋದರು.

ಮನೆಗೆ ಬಂದು ಮೂವರೂ ಮೊಣಕಾಲೂರಿದೆವು. ವಿಮಲಾ ಕಣ್ಣು ಮುಚ್ಚುವ ಮೊದಲು ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು. ಅದರ ಉತ್ತರಕ್ಕಾಗಿ ಆಮೇಲೆ ಪಾಟೀಲರಿಗೆ ಫೋನ್ ಮಾಡಿದೆ, ಸೂರತ್‌ನ ಹಳೆಯ ಪರಿಚಯದವರಿಗೆಲ್ಲ ಮಾಡಿದೆ. ಆ ಅಜ್ಜಿ ಯಾರ ಕಡೆಯವರೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಸೋಮವಾರ ಮುಂಜಾನೆ ರಜೆ ಹಾಕಿ ಪ್ರಾರ್ಥನೆಗೆ ಕುಳಿತೆ. ಇವತ್ತಿಗೂ ಬಿಡದೆ ಮಾಡುತ್ತಿದ್ದೇನೆ: ಕಲಬುರಗಿಯ ಆ ತಂಗಿ, ಕರ್ತನೇ, ಯಾರೆಂದು ನಿನಗೆ ಗೊತ್ತು.

ಇಷ್ಟೆಲ್ಲ ಹೆದರಿದ್ದಕ್ಕೆ ಅಂದು ನಿಜವಾಗಿ ಆದ ಎಡವಟ್ಟು ಇದೊಂದೇ. ಆ ತಂಗಿಯ ಹೆಸರು ಕೇಳಿಕೊಳ್ಳಲು ಮರೆತೆ.